ದೊಡ್ಡಪ್ಪನಿಗೊಂದು, ಅತ್ತಿಗೆಗೊಂದು

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ನಮ್ಮವರು ಉಪ್ಪಿನಕಾಯಿಯ ಭರಣಿಯೊಡನೆ ದೆಹಲಿಗೂ ಕಟ್ಟಿಕೊಂಡು ಬಂದಂತಿದೆ. ಮುದುಕರ ಕೈ ನಡುಗಿದರೆ ವಯಸ್ಸು. ಹೆಂಗಸರ ಕೈ ನಡುಗಿದರೆ ನಿಶ್ಶಕ್ತಿ, ಇಲ್ಲವೆ ಚಿಂತೆ. ವಿಚಾರ ಅಲ್ಲಿಗೇ ಮುಗಿಯಿತು! ಹಾಗೆ ಮುಗಿಸಬಾರದೆಂಬುದು ನಮ್ಮ ಮನೆಯ ಇಬ್ಬರ ಕಾಯಿಲೆಯಿಂದ ನಮಗೆ ತಿಳಿದುಬಂದಿದೆ. ಆದುದರಿಂದ ಈ ನಾಲ್ಕು ಮಾತು.

ಕಾಯಿಲೆಯ ಹೆಸರು ಪಾರ್ಕಿನ್ಸನ್ ರೋಗ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಇದನ್ನು ವಿವರಿಸಿ ಬರೆದನು. ಆಯುರ್ವೇದದವರು ಕಂಪವಾತವೆನ್ನುವುದು ಬಹುಮಟ್ಟಿಗೆ ಇದನ್ನೇ. ಮಿದುಳಿನಲ್ಲಿ ಡೋಪಮೀನ್ ಎಂಬ ರಸವನ್ನು ತಯಾರಿಸುವ ಜೀವಕೋಶಗಳು ನಶಿಸುತ್ತ ಬಂದಂತೆ ನಡುಕ, ಬಿಗಿತ, ಚಲನೆಯಲ್ಲಿ ನಿಧಾನ ಕಾಣಿಸಿಕೊಳ್ಳುತ್ತವೆ. ಮುಖ್ಯವಾದ ಔಷಧ ಲೆವೊಡೋಪ. ನಮ್ಮೂರ ಬೇಲಿಯ ನಸುಗುನ್ನಿ ಬೀಜದಲ್ಲಿ ಇದೇ ವಸ್ತುವಿದೆಯೆಂದು 1937ರಲ್ಲಿಯೇ ದಾಮೋದರನ್, ರಾಮಸ್ವಾಮಿ ಎಂಬ ಭಾರತೀಯ ವಿಜ್ಞಾನಿಗಳು ತೋರಿಸಿದ್ದರು. ಹಾಗೆಂದು ಬೀಜವನ್ನು ಮನೆಯಲ್ಲಿ ಕುಟ್ಟಿ ತಿನ್ನುವ ಸಾಹಸ ಬೇಡ, ಪ್ರಮಾಣ ತಿಳಿಯದು.

ನಮ್ಮ ದೊಡ್ಡಪ್ಪನವರಿಗೆ ಇದು ಬಂದದ್ದು ಎಪ್ಪತ್ತೆರಡರಲ್ಲಿ. ಪೆನ್ಷನ್ ಕಾಗದದ ಮೇಲಿನ ಅವರ ರುಜು ಕಿರಿದಾಗುತ್ತ ಇರುವೆಯ ಸಾಲಿನಂತಾಯಿತು. ಒಗ್ಗರಣೆಯ ಇಂಗಿನ ವಾಸನೆ ತಮಗೆ ತಿಳಿಯದೆಂದು ಅವರು ಹೇಳತೊಡಗಿ ಆಗಲೇ ವರ್ಷಗಳಾಗಿದ್ದುವು. ಅದೂ ಈ ರೋಗದ ಮುನ್ಸೂಚನೆಯಾಗಬಹುದಂತೆ. ನಡುಕಕ್ಕಿಂತ ಬಿಗಿತವೇ ಹೆಚ್ಚು. ನಾಲ್ಕು ವರ್ಷಗಳೊಳಗೆ ಹೆಜ್ಜೆ ತಪ್ಪಿ ಬೀಳುವುದೂ ಮರೆವೂ ಬಂದುವು.

ಅತ್ತಿಗೆಯವರಿಗೆ ಬಂದದ್ದು ನಲವತ್ತಾರರಲ್ಲಿ. ಮೊದಲು ಬಲಗೈ ಹೆಬ್ಬೆರಳ ನಡುಕ. ಅದೂ ಕೈ ಸುಮ್ಮನಿದ್ದಾಗ. ಹೂ ಕಟ್ಟಲು ದಾರ ಹಿಡಿದರೆ ನಿಲ್ಲುತ್ತಿತ್ತು. ಜೊತೆಗೆ ಭುಜದ ನೋವು, ಮನಸ್ಸಿಗೆ ಮಂಕು. ಹನ್ನೊಂದು ವರ್ಷಗಳಾದರೂ ಇಂದಿಗೂ ಸಂಘದ ಕಾರ್ಯಕ್ರಮಗಳಿಗೆ ತಾವೇ ನಡೆದು ಬರುತ್ತಾರೆ. ಆದರೆ ಮಾತ್ರೆ ಏರಿದ ಹೊತ್ತಿನಲ್ಲಿ ತಲೆ, ತೋಳು ತಾವಾಗಿಯೇ ಬಳುಕುತ್ತವೆ. ನೋಡಿದವರು ರೋಗ ಹೆಚ್ಚಿತೆನ್ನುತ್ತಾರೆ. ಅದು ಔಷಧದ ಪರಿಣಾಮ.

ಒಂದೇ ರೋಗಕ್ಕೆ ಎರಡು ಮುಖವೇಕೆ? ಇದು ಗಂಡಸರಲ್ಲಿ ಹೆಂಗಸರಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು. ಹೆಂಗಸರಿಗೆ ಸರಾಸರಿಯಲ್ಲಿ ಒಂದೆರಡು ವರ್ಷ ತಡವಾಗಿ ಬರುತ್ತದೆ (ನಮ್ಮ ಅತ್ತಿಗೆಯವರು ಅಪವಾದ). ಬಹುವೇಳೆ ನಡುಕದಿಂದ ಆರಂಭ. ನೋವು, ಖಿನ್ನತೆ, ಮಾತ್ರೆಯ ಬಳುಕಾಟ ಅವರಲ್ಲಿ ಅಧಿಕ. ದೇಹದ ತೂಕ ಕಡಮೆಯಿದ್ದರೆ ಅಷ್ಟೇ ಔಷಧವೂ ರಕ್ತದಲ್ಲಿ ಹೆಚ್ಚಾಗುವುದು ಇದಕ್ಕೊಂದು ಕಾರಣ. ಗಂಡಸರಲ್ಲಿ ಮರೆವು, ನಿದ್ರೆಯಲ್ಲಿ ಕನಸಿಗೆ ತಕ್ಕಂತೆ ಕೈಕಾಲು ಬಡಿಯುವುದು ಹೆಚ್ಚು. ಇನ್ನು ವಯಸ್ಸು: ಐವತ್ತರೊಳಗೆ ಬಂದ ರೋಗ ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ, ಆದರೆ ಬಳುಕಾಟ ಬೇಗ ಬರುತ್ತದೆ, ಎಪ್ಪತ್ತರ ಮೇಲೆ ಬಂದದ್ದು ನಡಿಗೆಯನ್ನೂ ನೆನಪನ್ನೂ ಬೇಗ ಕೆಡಿಸುತ್ತದೆ. ಇವೆಲ್ಲ ಸರಾಸರಿಯ ಮಾತು. ಪ್ರತಿಯೊಬ್ಬರ ದಾರಿಯೂ ಬೇರೆ.

ದೇಹ ಮಾಡುವ ಭೇದದ ಮೇಲೆ ಮನೆ ಮಾಡುವ ಭೇದವೂ ಒಂದಿದೆ. ಬೇಳೆ, ಮೊಸರುಗಳಲ್ಲಿರುವ ಸಸಾರಜನಕ ಲೆವೊಡೋಪ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆಯಾದ್ದರಿಂದ, ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಬೇಕೆಂದು ವೈದ್ಯರು ಹೇಳಿದ್ದರು. ದೊಡ್ಡಪ್ಪನವರಿಗೆ ದೊಡ್ಡಮ್ಮ ಗಡಿಯಾರ ನೋಡಿ ಕೊಡುತ್ತಿದ್ದರು. ಅತ್ತಿಗೆಯವರಿಗೆ ಕೊಡುವವರು ಯಾರು? ಎಲ್ಲರಿಗೂ ಬಡಿಸಿ ತಾವು ತಟ್ಟೆ ಹಾಕಿಕೊಂಡಾಗಲೇ ಅವರಿಗೆ ಮಾತ್ರೆಯ ನೆನಪು. ಈಗ ಅವರ ಮಗ ಕಾಲೇಜಿಗೆ ಹೊರಡುವ ಮುನ್ನ ಮೂರು ಹೊತ್ತಿನ ಮಾತ್ರೆಗಳನ್ನು ಡಬ್ಬಿಯಲ್ಲಿ ವಿಂಗಡಿಸಿಟ್ಟು, ಹೊತ್ತಿಗೆ ಸರಿಯಾಗಿ ಫೋನು ಮಾಡುತ್ತಾನೆ.

ಆಸ್ಪತ್ರೆಯಲ್ಲಿ ಮಾತಿನ ತೊಡಕು ಬೇರೆ. ಊರಿನಿಂದ ಬಂದ ತಾಯಂದಿರಿಗೆ ಹಿಂದಿ ಬಾರದು. ಗಂಡನೋ ಮಗನೋ ಹೇಳಬೇಕು. ಅವರು ಹೇಳಿದ ಜೋಮು, ಸೆಳೆತ, ಸಂಕಟ ಮೂರೂ ‘ದರ್ದ್’ ಎಂಬ ಒಂದೇ ಮಾತಿನಲ್ಲಿ ಮುಳುಗಿಹೋಗುತ್ತವೆ. ಏಮ್ಸಿಗೇ ಹೋಗಿ, ಬೇರೆಲ್ಲಿಗೇ ಹೋಗಿ, ಯಾವ ಹೊತ್ತಿನಲ್ಲಿ ಏನಾಗುವುದೆಂದು ತಾಯಿಯಿಂದಲೇ ಕೇಳಿ ಮೊದಲೇ ಬರೆದುಕೊಂಡು ಹೋಗುವುದು ಮೇಲು. ಊರಿಗೆ ಹೋದಾಗ ಬೆಂಗಳೂರಿನ ನಿಮ್ಹಾನ್ಸಿನಲ್ಲಿ ತೋರಿಸಿದರೆ ಅವರು ಕನ್ನಡದಲ್ಲಿಯೇ ಹೇಳಿಕೊಂಡಾರು. ಅಮ್ಮನ ರಂಗೋಲಿ ಚಿಕ್ಕದಾಗುತ್ತ ಬಂದಿದ್ದರೆ, ಅಂಗಳವಿಲ್ಲದ ಫ್ಲ್ಯಾಟು ಕಾರಣವೋ ಕೈಯೇ ಕಾರಣವೋ ಎಂದು ಒಮ್ಮೆ ಹತ್ತಿರ ಕುಳಿತು ನೋಡೋಣ.