ಕೀಲೆಣ್ಣೆ

ಗಾಡಿಯ ಅಚ್ಚಿಗೆ ಕೀಲೆಣ್ಣೆ ಬೇಕೆಂಬುದನ್ನು ನಮ್ಮ ಹಿರಿಯರು ಶಾಸ್ತ್ರ ಓದಿ ಕಲಿಯಬೇಕಾಗಿರಲಿಲ್ಲ. ಎಣ್ಣೆಯಾರಿದ ಗಾಡಿ ತಾನೇ ಕೂಗಿ ಊರಿಗೆಲ್ಲ ಸಾರುತ್ತಿತ್ತು. ಸಂಗೀತ ನುಡಿಸುವ ಯಂತ್ರದ ಅಚ್ಚಾದರೋ ಹಾಗೆ ಕೂಗುವುದಿಲ್ಲ. ಹಾಡಿನ ಅಡಿಯಲ್ಲಿ ಅವಿತುಕೊಂಡು ಗೊಣಗುತ್ತದೆ. ಆ ಗೊಣಗಾಟವನ್ನು ಅಡಗಿಸಲು ಎಷ್ಟು ಹಣ ಸುರಿಯುವುದು ವಿವೇಕವೆಂಬ ಪ್ರಶ್ನೆ ಹೋದ ಮಳೆಗಾಲದಲ್ಲಿ ನನ್ನ ಮುಂದೆ ಬಂದು ನಿಂತಿತು.

ನನ್ನಲ್ಲಿ ಒಂದು ಗ್ರಾಮಫೋನು ಯಂತ್ರವಿದೆ. ಗ್ರಾಮಫೋನೆಂದೊಡನೆ ಕಹಳೆಯನ್ನು ನೆನೆಯುವವರು ಕ್ಷಮಿಸಬೇಕು; ಇದು ವಿದ್ಯುತ್ತಿನಿಂದ ತಿರುಗುವ, ಲಾಂಗ್ ಪ್ಲೇ ರಿಕಾರ್ಡುಗಳನ್ನು ನುಡಿಸುವ ಯಂತ್ರ. ಇಂಗ್ಲೆಂಡಿನಲ್ಲಿ ವೈದ್ಯರಾಗಿದ್ದ ನಮ್ಮ ಭಾವನವರು ಸ್ವದೇಶಕ್ಕೆ ಹಿಂದಿರುಗುವಾಗ ತಂದದ್ದು. ಅವರ ಕಾಲಾನಂತರ ರಿಕಾರ್ಡುಗಳ ಸಮೇತ ನನ್ನ ಪಾಲಿಗೆ ಬಂದಿತು. ಅವುಗಳಲ್ಲಿ ಧಾರವಾಡದ ಮಲ್ಲಿಕಾರ್ಜುನ ಮನಸೂರರ ಒಂದು ರಿಕಾರ್ಡನ್ನು ನಾವಿಬ್ಬರೂ ಎಷ್ಟು ಸಂಜೆ ಕೇಳಿದ್ದೆವೋ ಲೆಕ್ಕವಿಲ್ಲ. ಮುಳ್ಳು ಇಳಿದೊಡನೆ ಮೊದಲು ತಂಬೂರಿ. ಅದರ ಜೀವಾಳದ ಝೇಂಕಾರ ಕೋಣೆಯನ್ನು ತುಂಬಿದ ಮೇಲೆ ಆ ಕಂಠ. ಈಚೆಗೆ ಆ ಝೇಂಕಾರ ಮೊದಲಿನಂತಿಲ್ಲವೆನ್ನಿಸತೊಡಗಿತು. ಎರಡು ರಾಗಗಳ ನಡುವಣ ಮೌನದಲ್ಲಿ, ದೂರದಲ್ಲೆಲ್ಲೋ ಗಿರಣಿ ನಡೆಯುತ್ತಿರುವಂಥ ಗುಡುಗುಡು ಸದ್ದೂ ಕಿವಿಗೆ ಬಿದ್ದಿತು. ಬಲ್ಲವರೊಬ್ಬರನ್ನು ವಿಚಾರಿಸಿದೆ. “ಬೇರಿಂಗು ಬದಲಾಯಿಸಿ, ಸ್ವಾಮೀ, ಮುಸುಕು ತೆಗೆದಂತಾಗುತ್ತದೆ” ಎಂದರು. ಹೊರದೇಶದಿಂದ ತರಿಸಬೇಕಾದ ಆ ಬೇರಿಂಗಿನ ಬೆಲೆ, ಸುಂಕವೂ ಸೇರಿ, ನನ್ನ ಎರಡು ತಿಂಗಳ ಪಿಂಚಣಿ.

ಬೇರಿಂಗೆಂಬುದು ಮಹಾರಹಸ್ಯವೇನೂ ಅಲ್ಲ. ಬೀಸುವ ಕಲ್ಲನ್ನು ಕಂಡವರಿಗೆ ಅರ್ಧ ತಿಳಿದಂತೆಯೇ. ಕಲ್ಲಿನ ನಡುವೆ ಗೂಟವಿರುವಂತೆ ಇಲ್ಲಿ ತಟ್ಟೆಯ ಕೆಳಗೆ ಉಕ್ಕಿನ ಅಚ್ಚು. ಅದು ಕಂಚಿನ ಕೊಳವೆಯೊಳಗೆ ಇಳಿದು, ತಳದಲ್ಲಿ ಮೆಣಸಿನ ಕಾಳಿನಷ್ಟರ ಒಂದು ಗುಂಡಿನ ಮೇಲೆ ನಿಲ್ಲುತ್ತದೆ. ತಟ್ಟೆಯ ಭಾರವೆಲ್ಲ ಆ ಗುಂಡಿನ ಒಂದು ಬಿಂದುವಿನ ಮೇಲೆ. ಹಾಗೆ ನಿಂತು ಅದು ನಿಮಿಷಕ್ಕೆ ೩೩⅓ ಸುತ್ತು, ಎಂದರೆ ಮೂರು ನಿಮಿಷಕ್ಕೆ ಸರಿಯಾಗಿ ನೂರು ಸುತ್ತು ತಿರುಗಬೇಕು. ಗುಂಡು ಕುಳಿತ ನೆಲೆಯಲ್ಲಿ ಕುಳಿ ಬಿದ್ದರೆ, ಅಥವಾ ಪಟ್ಟಿಯ ಎಳೆತಕ್ಕೆ ಕೊಳವೆ ಒಂದು ಮಗ್ಗುಲಾಗಿ ತೇದರೆ, ಅಲ್ಲಿಯ ಅದುರು ತಟ್ಟೆಗೆ, ತಟ್ಟೆಯಿಂದ ರಿಕಾರ್ಡಿಗೆ ಹತ್ತುತ್ತದೆ. ಮುಳ್ಳಿಗೆ ವಿವೇಚನೆಯಿಲ್ಲ, ಗವಾಯಿಯ ಕಂಪನವನ್ನೂ ಗುಂಡಿನ ಕಂಪನವನ್ನೂ ಅದು ಒಂದೇ ಶ್ರದ್ಧೆಯಿಂದ ಓದುತ್ತದೆ.

ಕಹಳೆಯ ಕಾಲದವರಿಗೆ ಈ ಚಿಂತೆ ಇರಲಿಲ್ಲ. ನಿಮಿಷಕ್ಕೆ ೭೮ ಸುತ್ತು ತಿರುಗುತ್ತಿದ್ದ ಅರಗಿನ ರಿಕಾರ್ಡಿನ ಕರಕರ ಸದ್ದೇ ಸಣ್ಣಪುಟ್ಟ ದೋಷಗಳನ್ನೆಲ್ಲ ನುಂಗಿಬಿಡುತ್ತಿತ್ತು. ಕಹಳೆಗಂತೂ ಅಷ್ಟು ಮಂದ್ರದ ಸದ್ದನ್ನು ಹೊರಡಿಸುವ ಶಕ್ತಿಯೇ ಇರಲಿಲ್ಲ. ೧೯೪೮ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆಯವರು ಲಾಂಗ್ ಪ್ಲೇ ರಿಕಾರ್ಡನ್ನು ಹೊರತಂದರು. ಗೆರೆ ಸೂಕ್ಷ್ಮವಾಯಿತು, ವೇಗ ತಗ್ಗಿತು, ಹಿನ್ನೆಲೆ ಶಾಂತವಾಯಿತು. ಆ ಶಾಂತಿಯಲ್ಲಿ ಅಚ್ಚಿನ ಗೊಣಗಾಟ ಕೇಳಿಸಿತು. ಬಟ್ಟೆ ಬೆಳ್ಳಗಾದಷ್ಟೂ ಕಲೆ ಎದ್ದು ಕಾಣುತ್ತದೆಯಷ್ಟೆ! ಸ್ಕಾಟ್‌ಲೆಂಡಿನ ಲಿನ್ ಸಂಸ್ಥೆಯವರು ೧೯೭೦ರ ದಶಕದ ಮೊದಲಲ್ಲಿ ಹೊರತಂದ ಸಾಂಡೆಕ್ ಎಲ್‌ಪಿ ೧೨ ಎಂಬ ಯಂತ್ರಕ್ಕೆ, ಒಂದೇ ಬಿಂದುವಿನ ಮೇಲೆ ನಿಂತ ಬೇರಿಂಗೇ ಹೆಮ್ಮೆಯ ಅಂಗವಾಗಿತ್ತು. ಆದರೂ ಅದಕ್ಕೆ ೧೯೯೩ರಲ್ಲಿ ಸರ್ಕಸ್ ಎಂಬ ಬೇರಿಂಗು ಬಂದಿತು. ೨೦೨೦ರಲ್ಲಿ ಕ್ಯಾರೊಸೆಲ್ ಎಂಬ ಇನ್ನೊಂದು ಬಂದಿತು. ಹೊಸದು ಬಂದಾಗಲೆಲ್ಲ, ನಿನ್ನೆಯವರೆಗೆ ನಿಶ್ಶಬ್ದವೆನಿಸಿದ್ದು ಗದ್ದಲವೆನಿಸತೊಡಗುತ್ತದೆ. ಈ ಸುಧಾರಣೆಗಳೆಲ್ಲ ಸುಳ್ಳೆಂದು ಹೇಳುವವನು ನಾನಲ್ಲ. ನುಣುಪಾದ ಗುಂಡೂ ಬಿಗಿಯಾದ ಕೊಳವೆಯೂ ಸದ್ದನ್ನು ತಗ್ಗಿಸುವುದು ಅಳೆದು ತೋರಿಸಬಹುದಾದ ಸಂಗತಿ. ಆದರೆ ಆ ಸದ್ದು ರಿಕಾರ್ಡಿನ ಮೇಲ್ಮೈಯ ಸದ್ದಿಗಿಂತ ಮೊದಲೇ ಬಹು ಕೆಳಗಿದ್ದರೆ, ಅದನ್ನು ಇನ್ನೂ ಇಳಿಸುವುದು ಬಾವಿಯ ತಳ ಸೇರಿದ ಕಲ್ಲನ್ನು ಮತ್ತೊಂದು ಗೇಣು ಹೂಳಿದಂತೆ.

ಹಣ ಕಳುಹಿಸುವ ಮುನ್ನ ಒಮ್ಮೆ ಬಿಚ್ಚಿ ನೋಡೋಣವೆಂದುಕೊಂಡೆ. ತಟ್ಟೆಯನ್ನೆತ್ತಿ ಅಚ್ಚನ್ನು ಹೊರಕ್ಕೆಳೆದರೆ, ಎಣ್ಣೆ ಕಾಡಿಗೆಯಂತೆ ಕಪ್ಪಾಗಿ ಅಂಟಿಕೊಂಡಿತ್ತು. ಇಷ್ಟು ವರ್ಷ ಹಾಡು ಕೇಳಿದವನು ಅದಕ್ಕೆ ಒಂದು ತೊಟ್ಟು ಎಣ್ಣೆ ಬಿಟ್ಟಿರಲಿಲ್ಲ! ಕಡ್ಡಿಗೆ ಅರಳೆ ಸುತ್ತಿ ಕೊಳವೆಯನ್ನು ಒರೆಸಿ, ಅದೇ ಅಳತೆಯ ಹೊಸ ಗುಂಡನ್ನಿಟ್ಟು, ತಿಳಿಯಾದ ಯಂತ್ರದ ಎಣ್ಣೆಯನ್ನು ನಾಲ್ಕು ತೊಟ್ಟು ಬಿಟ್ಟೆ. ಅಚ್ಚನ್ನು ಮತ್ತೆ ಇಳಿಬಿಟ್ಟಾಗ ಅದು ಥಟ್ಟನೆ ಬೀಳಲಿಲ್ಲ. ಒಳಗಣ ಗಾಳಿಯನ್ನು ಸ್ವಲ್ಪಸ್ವಲ್ಪವಾಗಿ ಹೊರದೂಡುತ್ತ ಮೆಲ್ಲಮೆಲ್ಲನೆ ಮುಳುಗಿತು. ಕೊಳವೆ ಸವೆದು ಸಡಿಲವಾಗಿದ್ದರೆ ಗಾಳಿ ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. ತಟ್ಟೆಯ ಅಂಚು ಹಿಡಿದು ಅಲುಗಿಸಿದೆ, ಅಲುಗಲಿಲ್ಲ. ಖರ್ಚಾದದ್ದು ನೂರು ರೂಪಾಯಿಯೊಳಗೆ. ಆ ರಾತ್ರಿ ರಿಕಾರ್ಡು ಹಾಕಿದಾಗ ಗಿರಣಿ ನಿಂತುಹೋಗಿತ್ತು.

ಆದರೆ ತಂಬೂರಿ ಮೊದಲಿನಂತಾಗಲಿಲ್ಲ. ಹಾಗಾದರೆ ಹೊಸ ಬೇರಿಂಗೇ ಬೇಕೇನೋ ಎಂದು ಆಸೆ ಮತ್ತೆ ತಲೆಯೆತ್ತಿತು. ರಜೆಗೆ ಬಂದಿದ್ದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಜೀವಾಳ ಕೇಳಿಸುತ್ತದೆಯೇ, ನೋಡು” ಎಂದೆ.

“ಕೇಳಿಸದೆ ಏನಪ್ಪಾ? ಕೋಣೆಯ ತುಂಬ ಜೇನುಹುಳು ಬಿಟ್ಟ ಹಾಗಿದೆ” ಎಂದಳು. ಸ್ವಲ್ಪ ತಡೆದು, “ಬಾಗಿಲ ಗಂಟೆ ನಿಮಗೆ ಕೇಳಿಸುವುದಿಲ್ಲವೆಂದು ಅಮ್ಮ ಒಂದು ವರ್ಷದಿಂದ ಹೇಳುತ್ತಿದ್ದಾರೆ” ಎಂದಳು.

ನಾನು ಉತ್ತರ ಕೊಡಲಿಲ್ಲ. ಲೆಕ್ಕ ಅಷ್ಟು ಸರಳವಾಗಿತ್ತು. ಅಚ್ಚಿನ ದೋಷ ಮಂದ್ರದ ಸದ್ದು. ವಯಸ್ಸು ಕಿವಿಯಿಂದ ಮೊದಲು ಕಸಿದುಕೊಳ್ಳುವುದು ತಾರದ ಸದ್ದನ್ನು. ಜೀವಾಳದ ಸೊಗಸೆಲ್ಲ ಆ ಮೇಲಣ ಸೂಕ್ಷ್ಮ ನಾದಗಳಲ್ಲಿದೆ. ಎಂಥ ಬೇರಿಂಗು ತಂದರೂ ಅವನ್ನು ನನಗೆ ಹಿಂದಿರುಗಿಸಲಾರದು. ನನ್ನ ಕೊರತೆಯನ್ನು ಯಂತ್ರದ ಮೇಲೆ ಹೊರಿಸಿ, ಅದರ ಚಿಕಿತ್ಸೆಗೆ ಎರಡು ತಿಂಗಳ ಪಿಂಚಣಿ ಕೊಡಲು ಹೊರಟಿದ್ದೆ. ಯಂತ್ರ ಮುದಿಯಾಗಿದೆಯೆಂದು ಒಪ್ಪುವುದು ಸುಲಭ!

ಮರುವಾರ ಕಿವಿಯ ವೈದ್ಯರು ಒಂದು ನಕ್ಷೆ ಬರೆದು ತೋರಿಸಿದರು; ಗೆರೆ ಬಲಕ್ಕೆ ಹೋದಂತೆ ಕೆಳಗಿಳಿದಿತ್ತು. ಬೇರಿಂಗಿಗೆಂದು ತೆಗೆದಿರಿಸಿದ್ದ ಹಣ ಶ್ರವಣಯಂತ್ರದ ಪಾಲಾಯಿತು. ಅದನ್ನು ಧರಿಸಿ ಕೇಳಿದರೆ ಗಂಟೆ ಕೇಳಿಸುತ್ತದೆ, ಮೊಮ್ಮಗನ ಮಾತು ಕೇಳಿಸುತ್ತದೆ. ತಂಬೂರಿ ಮಾತ್ರ ತುಸು ತಗಡಿನಂತೆ ನುಡಿಯುತ್ತದೆ. ಭಾವನವರೊಡನೆ ಕೂತು ಕೇಳಿದ ತಂಬೂರಿ ಅದಲ್ಲ. ಅಭ್ಯಾಸವಾಗುತ್ತದೆಂದು ವೈದ್ಯರು ಹೇಳಿದ್ದಾರೆ.

ಯಾರಾದರೂ ನನ್ನನ್ನು ಕೇಳಿದರೆ ಹೇಳುವುದಿಷ್ಟು: ಅಚ್ಚು ಅಲುಗಿದರೆ, ಕೊಳವೆ ತೇದಿದ್ದರೆ, ಬೇರಿಂಗು ಕೊಳ್ಳಿ, ಆ ವೆಚ್ಚ ವ್ಯರ್ಥವಲ್ಲ. ಅಲುಗದಿದ್ದರೆ ಒರೆಸಿ ಎಣ್ಣೆ ಬಿಡಿ. ಆಮೇಲೂ ಏನೋ ಕಡಿಮೆಯೆನಿಸಿದರೆ, ಮನೆಯ ಕಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಕೇಳಿ. ಬೇರಿಂಗಿನ ಬೆಲೆಪಟ್ಟಿಯನ್ನು ನಾನಿನ್ನೂ ಹರಿದು ಹಾಕಿಲ್ಲ. ಮನಸೂರರ ರಿಕಾರ್ಡಿನ ಚೀಲದಲ್ಲಿಯೇ ಇದೆ.