ಅವ್ವನ ಪಾಟ್ಲಿ

ಹೋದ ದೀಪಾವಳಿಗೆ ನಮ್ಮ ತಮ್ಮ ಪುಣೆಗೆ ಬಂದಿದ್ದ. ವಯಸ್ಸು ನಲವತ್ತೆರಡು, ಇನ್ನೂ ಬ್ರಹ್ಮಚಾರಿ. ನಾವಿಬ್ಬರೂ ವಾಡಿಕೆಯಂತೆ ಎರಡು ಜಾತಕ ತೆಗೆದಿಟ್ಟಿದ್ದೆವು. ಅವನು ಅವನ್ನು ಮುಟ್ಟಲಿಲ್ಲ. ತಾನೇ ಬರೆದ ಪದ್ಯವೊಂದನ್ನು ಓದಿದ. ಕಿರಿ ಸೊಸೆಗೆಂದು ಅವ್ವ ಎತ್ತಿಟ್ಟ ಪಾಟ್ಲಿ, ಅದನ್ನು ಆಕೆ ವರ್ಷಾ ವರ್ಷಾ ತೊಳೆದಿಡುವುದು, ಇಷ್ಟೇ ಪದ್ಯ. ಓದಿ ಮುಗಿಸಿ, "ಅಣ್ಣಾ, ವೈನಿ, ನನಗ ಹೆಣ್ಣಿನ ಮ್ಯಾಲೆ ಮನಸಿಲ್ಲ, ಮೊದಲಿಂದನೂ. ಅವ್ವಗ ನೀವ ಹೇಳ್ರಿ" ಎಂದ.

ಫರಾಳದ ತಟ್ಟೆ ಹಾಗೇ ಉಳಿಯಿತು.

ಅವನು ಬಿಟ್ಟುಹೋದದ್ದು ವಸುಧೇಂದ್ರರ 'ಮೋಹನಸ್ವಾಮಿ'. ಅವರ 'ನಮ್ಮಮ್ಮ ಅಂದ್ರೆ ನಂಗಿಷ್ಟ'ವನ್ನು ನಾವು ನಕ್ಕು, ಅತ್ತು ಓದಿದವರೇ. 2013ರಲ್ಲಿ, ನಲವತ್ತು ದಾಟಿದ ಮೇಲೆ, ಅದೇ ಕೈ ಸಲಿಂಗಪ್ರೇಮಿಯ ಈ ಕಥೆಗಳನ್ನು ಹೊರತಂದಾಗ ಮಾತ್ರ ನಮ್ಮ ಮನೆಗೆ ತರಲಿಲ್ಲ. ಇಂಥವರಿಗಾಗಿ ಬಿಂದುಮಾಧವ ಖಿರೆಯವರು ಇದೇ ಪುಣೆಯಲ್ಲಿ 2002ರಲ್ಲೇ ಸಮಪಥಿಕ ಟ್ರಸ್ಟ್ ಸ್ಥಾಪಿಸಿದ್ದರೆಂಬುದೂ ನಮಗೆ ಈಗಷ್ಟೇ ತಿಳಿದದ್ದು.

ಇದು ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರಲ್ಲೇ ಹೇಳಿದೆ. ಧಾರವಾಡದ ಅವ್ವನಿಗೆ ಕೋರ್ಟಿನ ಮಾತು ಹೇಳಿ ಪ್ರಯೋಜನವೇನು? ಪದ್ಯವನ್ನೇ ಓದಿ ಹೇಳೋಣವೆಂದಿದ್ದೇವೆ. ಜಾತಕಗಳನ್ನು ಹಿಂದಿರುಗಿಸಿಯಾಯಿತು. ಸಂಕ್ರಾಂತಿಗೆ ಧಾರವಾಡದ ಟಿಕೆಟ್ಟು ತೆಗೆಸಿದ್ದೇವೆ, ಅವನದೂ ಸೇರಿ ಮೂರು.