ಚನ್ನೆಮಣೆಯ ಮೇಲೆ ಬಿಚ್ಚಿದ ಫೋನು

ನಮ್ಮ ಕಾಲದಲ್ಲಿ ಎಲ್ಲವನ್ನೂ ಮನೆಯಲ್ಲೇ ರಿಪೇರಿ ಮಾಡಿಕೊಳ್ಳುತ್ತಿದ್ದೆವು ಎಂದು ನನ್ನ ವಯಸ್ಸಿನವರು ಹೇಳಿದರೆ ಅರ್ಧ ನಂಬಿ, ಸಾಕು. ಮುರಿದ ಕೊಡೆಯ ಕಡ್ಡಿ ಕಟ್ಟುತ್ತಿದ್ದರು, ಹರಿದ ಕಂಬಳಿಗೆ ದಬ್ಬಣ ತೂರಿಸುತ್ತಿದ್ದರು, ನಿಜ. ಆದರೆ ಗಡಿಯಾರ, ರೇಡಿಯೋ, ಕ್ಯಾಮೆರಾ ಈ ಮೂರರ ತಿರುಪು ಮುಟ್ಟುವ ಧೈರ್ಯ ಸಾಗರದ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕ್ಯಾಮೆರಾವನ್ನಂತೂ ಅಪ್ಪ ಪಡಸಾಲೆಯ ನಾಗಂದಿಗೆಯ ಮೇಲೆ, ಮಕ್ಕಳು ಮಣೆಯ ಮೇಲೆ ಮಣೆ ಪೇರಿಸಿ ಹತ್ತಿದರೂ ಎಟುಕದ ಎತ್ತರದಲ್ಲಿ ಇಟ್ಟಿದ್ದರು.

ಅದು ಆಗ್ಫಾ ಕ್ಲಿಕ್ 3. ಬರೋಡದಲ್ಲಿ ತಯಾರಾಗಿ ಬರುತ್ತಿದ್ದ ಕಪ್ಪು ಡಬ್ಬಿ, ಅದಕ್ಕೊಂದು ಚರ್ಮದ ಚೀಲ, ಚೀಲದೊಳಗೆ ಡಾಂಬರು ಗುಳಿಗೆಯ ಘಾಟು. ಫೋಕಸ್ ಮಾಡುವ ಗೊಡವೆಯೇ ಇರಲಿಲ್ಲ. ಮಸೂರದ ಬಳಿಯ ಸಣ್ಣ ಕಡ್ಡಿಯನ್ನು ಬಿಸಿಲಿದ್ದರೆ ಒಂದು ಕಡೆ, ಮೋಡವಿದ್ದರೆ ಇನ್ನೊಂದು ಕಡೆ ಸರಿಸಿದರಾಯಿತು. ಬಿಸಿಲೋ ಮೋಡವೋ ಎಂದು ಕೂಗಿ ಹೇಳುವ ಅಧಿಕಾರ ನನಗೆ ದಕ್ಕಿತ್ತು. ಹತ್ತು ವರ್ಷದ ಹುಡುಗ ಅಂಗಳದಲ್ಲಿ ಸೊಂಟಕ್ಕೆ ಕೈಯಿಟ್ಟು ಆಕಾಶ ನೋಡುತ್ತ, ಮದುಮಕ್ಕಳನ್ನೂ ಅವರ ಸೋದರಮಾವನನ್ನೂ "ತಡೀರಿ, ಮೋಡ ದಾಟ್ಲಿ" ಎಂದು ನಿಲ್ಲಿಸುತ್ತಿದ್ದ. ಆ ಗತ್ತಿನ ಎದುರು ಹವಾಮಾನ ಇಲಾಖೆ ಏನೇನೂ ಅಲ್ಲ. ಫೋಟೋದಲ್ಲಿ ನಾನೇ ನಿಲ್ಲಬೇಕಾದಾಗ ಮಾತ್ರ ಉಸಿರು ಬಿಗಿಹಿಡಿಯುತ್ತಿದ್ದೆ. ಹಾಗಾಗಿ ನನ್ನ ಬಾಲ್ಯದ ಚಿತ್ರಗಳಲ್ಲೆಲ್ಲ ಕೆನ್ನೆ ಉಬ್ಬಿದೆ.

120 ನಂಬರಿನ ರೋಲಿನಲ್ಲಿ 12 ಚೌಕ ಚಿತ್ರ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ರೋಲು ಸಿಕ್ಕರೆ ಅದು, ಇಲ್ಲದಿದ್ದರೆ ಅಂಗಡಿಯವನು ಕೊಟ್ಟದ್ದು. ಅಪ್ಪನ ಲೆಕ್ಕದ ಪುಸ್ತಕದಲ್ಲಿ ತೊಗರಿಬೇಳೆ, ಸೀಮೆಎಣ್ಣೆಯ ಕೆಳಗೇ "ರೋಲು 6-50, ತೊಳೆಸಿದ್ದು 1-00, ಪ್ರಿಂಟು ತಲಾ 0-40" ಎಂದು ಬರೆದಿದ್ದರು. ಆ ಲೆಕ್ಕದಿಂದಾಗಿಯೇ ಯುಗಾದಿಗೆ ಹಾಕಿದ ರೋಲು ಎಷ್ಟೋ ಸಲ ದೀಪಾವಳಿಗೆ ಮುಗಿಯುತ್ತಿತ್ತು. ಅಜ್ಜಿ ಹಪ್ಪಳ ಲಟ್ಟಿಸುವ ಚಿತ್ರವೊಂದು ಇರಲಿ ಎಂದು ಅಮ್ಮ ಕೇಳಿದಾಗ "ಹಪ್ಪಳ ವರ್ಷ ವರ್ಷಾ ಮಾಡ್ತಾಳಲ್ಲ" ಎಂದು ಅಪ್ಪ ತಳ್ಳಿಹಾಕಿದರು. ಆ ಚಿತ್ರ ತೆಗೆಯಲೇ ಇಲ್ಲ.

ತೊಳೆಸುವ ಸ್ಟುಡಿಯೋ ಪೇಟೆಯ ಜವಳಿ ಅಂಗಡಿಯ ಮಹಡಿಯ ಮೇಲಿತ್ತು. ಮೆಟ್ಟಿಲು ಹತ್ತುವಾಗಲೇ ಹೈಪೋ ದ್ರಾವಣದ ಹುಳಿವಾಸನೆ ಮೂಗಿಗೆ ಬಡಿಯುತ್ತಿತ್ತು. ಒಳಗೆ ಕೆಂಪು ಬಲ್ಬು, ಸಾಲಾಗಿ ಮೂರು ತಟ್ಟೆ, ದಾರಕ್ಕೆ ಕ್ಲಿಪ್ಪು ಹಾಕಿ ನೇತುಬಿಟ್ಟ ಒದ್ದೆ ಫಿಲ್ಮು. ಸ್ಟುಡಿಯೋದವರು ಚೂಪು ಪೆನ್ಸಿಲಿನಿಂದ ನೆಗೆಟಿವ್ ಮೇಲೆ ತಿದ್ದಿ, ವಧುಪರೀಕ್ಷೆಯ ಹುಡುಗಿಯರ ಮೊಡವೆ ಅಳಿಸುತ್ತಿದ್ದರು. ಫೋನಿನ ಫಿಲ್ಟರ್ ನೋಡಿ "ಕಾಲ ಕೆಟ್ಟೋಯ್ತು" ಎನ್ನುವ ಹಿರಿಯರಿಗೆ ಇದನ್ನು ನೆನಪಿಸಬೇಕು.

ಒಮ್ಮೆ ಕ್ಯಾಮೆರಾದ ಗುಂಡಿ ಒತ್ತಿದರೆ 'ಕ್ಲಿಕ್' ಅನ್ನುವುದೇ ನಿಂತಿತು. ಶಟರಿನ ಸ್ಪ್ರಿಂಗು ತುಂಡಾಗಿತ್ತು. ಅಪ್ಪ ಅದನ್ನು ಗಡಿಯಾರ ರಿಪೇರಿ ಮಾಡುವವರಲ್ಲಿಗೆ ಒಯ್ದರು, ನಾನೂ ಹಿಂಬಾಲಿಸಿದೆ. ಆತ ಕಣ್ಣಿಗೆ ಕರಿ ದುರ್ಬೀನು ಸಿಕ್ಕಿಸಿಕೊಂಡು, ಹರಿವಾಣದಲ್ಲಿ ಬಿಳಿ ಬಟ್ಟೆ ಹಾಸಿ, ಚಿಮ್ಮಟದಲ್ಲಿ ತುಂಡನ್ನು ಎತ್ತಿ ನೋಡಿದರು. ಹೊಸ ಸ್ಪ್ರಿಂಗು ಎಲ್ಲಿ ಸಿಗಬೇಕು? "ಮನೇಲಿ ತಂಬೂರಿ ಇದೆಯಾ?" ಎಂದು ಕೇಳಿದರು. ಅಮ್ಮನ ತಂಬೂರಿಯಿಂದ ಬಿಚ್ಚಿಟ್ಟಿದ್ದ ಹಳೆಯ ಉಕ್ಕಿನ ತಂತಿಯನ್ನು ಓಡಿಹೋಗಿ ತಂದುಕೊಟ್ಟೆ. ಅದನ್ನು ಮೊಳೆಗೆ ಸುತ್ತಿ, ಕತ್ತರಿಸಿ, ಕೊಕ್ಕೆ ಬಗ್ಗಿಸಿ ಕೂರಿಸಿದರು. ಕೂಲಿ ಒಂದೂವರೆ ರೂಪಾಯಿ. ಆಮೇಲೆ ಕ್ಲಿಕ್ಕಿನ ಸದ್ದು ಸ್ವಲ್ಪ ಗಡುಸಾಯಿತು, ಚಿತ್ರ ಹಾಗೆಯೇ ಬಂತು.

ಮುಂದೆ ಹಾಟ್ ಶಾಟ್ ಕ್ಯಾಮೆರಾ ಬಂತು, ಬಣ್ಣದ ರೋಲು ಬಂತು, ಎಲ್ಲವೂ ಬಂದಷ್ಟೇ ಸಲೀಸಾಗಿ ಹೋದವು. ಈಗ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದೇನೆ. ಹೋದ ಮಳೆಗಾಲದಲ್ಲಿ ಮೊಮ್ಮಗಳ ಫೋನು ಕಲ್ಲುಹಾಸಿನ ಮೇಲೆ ಬಿತ್ತು. ಮುಂದಿನ ಕ್ಯಾಮೆರಾ ಸರಿಯಿತ್ತು. ಹಿಂದಿನದು ಆನ್ ಆಗುತ್ತಿತ್ತು, ಆದರೆ ಎಲ್ಲವೂ ಮಸುಕು. ಕಿವಿಗೆ ಹಿಡಿದರೆ ಒಳಗಿನಿಂದ ಕಿರಗುಟ್ಟುವ ಸದ್ದು. ಮೇಲಿನ ಗಾಜು ಬಿರುಕು ಬಿಟ್ಟಿದ್ದರೆ ಗಾಜು ಮಾತ್ರ ಬದಲಿಸಿದರೆ ಸಾಕಿತ್ತು. ಗಾಜು ನೆಟ್ಟಗಿತ್ತು, ಕೆಟ್ಟದ್ದು ಒಳಗಿನದೇ. ಸರ್ವಿಸ್ ಸೆಂಟರಿನವರು 4,800 ರೂಪಾಯಿ ಹೇಳಿದರು. ಎಸ್.ಪಿ. ರಸ್ತೆಯ ಅಂಗಡಿಯಲ್ಲಿ, ಹಳೇ ಫೋನಿನಿಂದ ಬಿಚ್ಚಿದ ಒರಿಜಿನಲ್ ಕ್ಯಾಮೆರಾ 850ಕ್ಕೆ ಸಿಕ್ಕಿತು. 'ಕಾಪಿ' 400ಕ್ಕೂ ಇತ್ತು. "ನಾವೇ ಹಾಕೋಣ ಅಜ್ಜ, ವಿಡಿಯೋ ಇದೆ" ಎಂದಳು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ದುರಸ್ತಿಯ ಹಕ್ಕಿಗೆಂದೇ ಒಂದು ಪೋರ್ಟಲ್ ತೆರೆದಿದೆಯಂತೆ, ಅದನ್ನೂ ಓದಿ ಹೇಳಿದಳು. ನನಗೆ ಆ ಹಕ್ಕು ಕೊಡಬೇಕಿದ್ದವರು ಸರ್ಕಾರದವರಲ್ಲ, ನಾಗಂದಿಗೆಯ ಕೆಳಗೆ ಕಾವಲು ಕೂತಿದ್ದ ಅಪ್ಪ.

ತಿರುಪುಗಳನ್ನು ಇಡಲು ನಾನು ಊರಿನಿಂದ ತಂದಿದ್ದ ಚನ್ನೆಮಣೆ ತೆಗೆದೆ. ಹದಿನಾಲ್ಕು ಗುಳಿ, ಒಂದೊಂದು ಗುಳಿಗೆ ಒಂದೊಂದು ಜಾಗದ ತಿರುಪು. ಅವೆಲ್ಲ ನೋಡಲು ಒಂದೇ, ಉದ್ದ ಮಾತ್ರ ಬೇರೆ ಬೇರೆ. ಗಿಡ್ಡದರ ಜಾಗಕ್ಕೆ ಉದ್ದನೆಯದನ್ನು ಬಿಗಿದರೆ ಕೆಳಗಿನ ಬೋರ್ಡೇ ತೂತಾದೀತು. ಬ್ಯಾಟರಿಯನ್ನು ಕಾಲುಭಾಗಕ್ಕಿಂತ ಕೆಳಗಿಳಿಸಿ, ಫೋನು ಆರಿಸಿ, ಸಿಮ್ಮಿನ ತಟ್ಟೆ ಎಳೆದಿಟ್ಟೆವು. ಸೊಸೆಯ ಹೇರ್ ಡ್ರೈಯರ್‌ನಿಂದ ಅಂಚಿಗೆ ಬಿಸಿಗಾಳಿ ಹಿಡಿದಾಗ ಅಂಟು ಮೆದುವಾಯಿತು. ರಬ್ಬರಿನ ಬಟ್ಟಲನ್ನು ಒತ್ತಿ ಎಳೆದು, ಸೀಳಿನಲ್ಲಿ ತೆಳು ಪ್ಲಾಸ್ಟಿಕ್ ಚೂರು ತೂರಿಸಿ ಸುತ್ತಲೂ ನಿಧಾನವಾಗಿ ಬಿಡಿಸಿದಳು. ಆಳಕ್ಕೆ ತೂರಿಸುವಂತಿಲ್ಲ, ಒಳಗೆ ಪಟ್ಟಿಯಂಥ ತಂತಿಗಳಿರುತ್ತವೆ. ಕಬ್ಬಿಣ ತಾಗಿಸದೆ, ಬಿದಿರಿನ ಕಡ್ಡಿಯಿಂದ ಮೊದಲು ಬ್ಯಾಟರಿಯ ಕೊಂಡಿ ಎಬ್ಬಿಸಿದೆವು, ಆಮೇಲೆ ಕ್ಯಾಮೆರಾದ್ದು. ಹೆಬ್ಬೆರಳಿನ ಉಗುರಿನಷ್ಟಿದ್ದ ಹಳೆಯದು ಹೊರಗೆ ಬಂತು, ಹೊಸದು ಅದೇ ಜಾಗದಲ್ಲಿ ಒತ್ತಿದರೆ ಕೂತಿತು. ಬೆಸುಗೆಯಿಲ್ಲ, ಅರ ಇಲ್ಲ. ಮಸೂರಕ್ಕೆ ಬೆರಳು ತಾಗದಂತೆ ಹಿಡಿಯುವುದೇ ಹೆಚ್ಚಿನ ಕೆಲಸ. ಮುಚ್ಚುವ ಮೊದಲು ಚಿತ್ರ ತೆಗೆದು ನೋಡಿ, ಹಿಂಬದಿಗೆ ಬಿ-7000 ಅಂಟು ಹಚ್ಚಿ, ರಬ್ಬರ್ ಬ್ಯಾಂಡ್ ಬಿಗಿದು ರಾತ್ರಿಯಿಡೀ ಬಿಟ್ಟೆವು. ಅಂಟಿನ ಘಾಟು ಬೆಳಗಿನ ತನಕ ಕೋಣೆಯಲ್ಲಿತ್ತು.

ಹಳೆಯದನ್ನು ಎಸೆಯಲು ನಾನು ಬಿಡಲಿಲ್ಲ. ಮರುದಿನ ಜಗಲಿಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು, ಸೂಜಿಯಿಂದ ಅದರ ತಗಡು ಎಬ್ಬಿಸಿದೆ. ಪುಟ್ಟ ಪೀಪಾಯಿಯಲ್ಲಿ ಒಂದರ ಮೇಲೊಂದು ಮಸೂರ, ಸುತ್ತ ತಾಮ್ರದ ಸುರುಳಿ, ಮೂಲೆಗಳಲ್ಲಿ ಅಯಸ್ಕಾಂತದ ಚೂರು. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಮಸೂರ ಮುಂದೆ ಹಿಂದೆ ಸರಿದು ಫೋಕಸ್ ಆಗುತ್ತದೆ. ಅದನ್ನು ಮತ್ತೆ ತನ್ನ ಜಾಗಕ್ಕೆ ಎಳೆಯಲು ಅಲ್ಲೂ ಒಂದು ಸ್ಪ್ರಿಂಗು. ಕಾಗದಕ್ಕಿಂತ ತೆಳುವಾದ ಲೋಹದ ಜಾಲರಿ ಅದು, ಒಂದು ಎಳೆ ಕಿತ್ತುಹೋಗಿತ್ತು. ಹಾಳಾದದ್ದು ಅಷ್ಟೇ. ಸಾಗರದ ಆ ಗಡಿಯಾರದವರಿದ್ದರೂ ಇದಕ್ಕೆ ತಂತಿ ಹುಡುಕುತ್ತಿರಲಿಲ್ಲ. ಈ ಎಳೆಯನ್ನು ಕೂರಿಸುವ ಚಿಮ್ಮಟವೇ ಅವರ ಹರಿವಾಣದಲ್ಲಿ ಇರಲಿಲ್ಲ. ಅಂದು ಪೆಟ್ಟಿಗೆ ಬಿಚ್ಚಬಲ್ಲವರು ಊರಿಗೊಬ್ಬರು, ಒಳಗಿನದು ಮಾತ್ರ ಕೈಗೆ ಬಗ್ಗುತ್ತಿತ್ತು. ಈಗ ಪೆಟ್ಟಿಗೆಯನ್ನು ಹದಿನೈದರ ಹುಡುಗಿಯೂ ಬಿಚ್ಚುತ್ತಾಳೆ, ಒಳಗಿನದು ಯಾರ ಕೈಗೂ ಬಗ್ಗುವುದಿಲ್ಲ.

ಫೋನು ಚೆನ್ನಾಗಿದೆ. ಕಂಪನಿಯ ಅಂಟು ಹೋದ ಮೇಲೆ ನೀರು ತಡೆಯುವ ಭರವಸೆಯಿಲ್ಲ, ಮಳೆಯಲ್ಲಿ ತೆಗೆಯಬೇಡ ಎಂದಿದ್ದೇನೆ. ಸುದ್ದಿ ತಿಳಿದ ಪಕ್ಕದ ಮನೆಯವರು ಚಾರ್ಜಿಂಗ್ ಪಿನ್ ಸಡಿಲಾದ ತಮ್ಮ ಫೋನು ತಂದುಕೊಟ್ಟರು. ಅದಕ್ಕೆ ಬೆಸುಗೆ ಬೇಕು, ನನ್ನ ಕೈ ನಡುಗುತ್ತದೆ. ಎಸ್.ಪಿ. ರಸ್ತೆಯ ದಾರಿ ಹೇಳಿ, 300ಕ್ಕಿಂತ ಹೆಚ್ಚು ಕೊಡಬೇಡಿ ಎಂದು ಕಳಿಸಿದೆ.